ವಿಕಲಚೇತನರೂ ಉದ್ಯೋಗವೂ

ಬಿ.ಎ. ಕೊನೆಯ ವರ್ಷದ ವಿದ್ಯಾರ್ಥಿಗಳು ನಾಲ್ವರು ಕೂಡಿದಲ್ಲಿ ಮಾತು ನೌಕರಿಯ ಕಡೆಗೆ ಹೊರಳುವುದು ಸಹಜ. ಯಾವ ಪರೀಕ್ಷೆಗೆ ಕುಳಿತುಕೊಳ್ಳಬೇಕು, ಎಷ್ಟು ಹುದ್ದೆಗಳು ಖಾಲಿಯಿವೆ, ಊರಿಗೆ ಹತ್ತಿರದಲ್ಲಿ ಸಿಕ್ಕೀತೇ ಎಂಬವೇ ಎಲ್ಲರ ಚಿಂತೆ. ಆದರೆ ನಮ್ಮವರಲ್ಲಿಯೇ ಕೆಲವರಿಗೆ ಇವುಗಳಿಗಿಂತ ಮೊದಲು ಇನ್ನೊಂದು ಪ್ರಶ್ನೆ ಎದುರಾಗುತ್ತದೆ. ಕಣ್ಣು ಕಾಣದವನನ್ನು, ಕಿವಿ ಕೇಳದವಳನ್ನು, ಪೋಲಿಯೊದಿಂದ ಕಾಲು ಸೊರಗಿದವನನ್ನು ನೋಡಿದೊಡನೆ ಜನರು, "ಪಾಪ, ಇವರ ಕೈಲೆ ಕೆಲಸ ಆದೀತೇನು?" ಎನ್ನುತ್ತಾರೆ. ಈ ಮಾತಿನಲ್ಲಿ ಕೆಟ್ಟ ಮನಸ್ಸಿಲ್ಲ. ಆದರೂ ಎಷ್ಟೋ ಜನರ ಬಾಳಿನ ಬಾಗಿಲು ಇದೊಂದೇ ಮಾತಿನಿಂದ ಮುಚ್ಚಿಹೋಗಿದೆ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯನ್ನು ನಾವು ತಪ್ಪು ಕಡೆ ಕೇಳುತ್ತಿದ್ದೇವೆ. ಮನುಷ್ಯನನ್ನು ಕೇಳುವ ಮೊದಲು ಕಚೇರಿಯನ್ನು ಕೇಳಬೇಕು, ಶಾಲೆಯನ್ನು, ಬ್ಯಾಂಕನ್ನು, ಕಾರಖಾನೆಯನ್ನು ಕೇಳಬೇಕು: "ಇವರು ಬಂದು ಕೆಲಸ ಮಾಡುವಂತೆ ನೀನು ಅಣಿಯಾಗಿರುವೆಯಾ?"

ಮೊದಲು ಹೆಸರಿನ ವಿಷಯವಾಗಿ ಒಂದು ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ಕುರುಡ, ಕುಂಟ, ಕಿವುಡ ಎಂದು ನೇರವಾಗಿ ಕರೆಯುತ್ತಿದ್ದರು. ಅನಂತರ ಅಂಗವಿಕಲ ಎಂದರು. ಈಗ ವಿಕಲಚೇತನ, ವಿಶೇಷಚೇತನ ಎನ್ನುತ್ತೇವೆ. ಹೆಸರು ಮೃದುವಾದುದು ಒಳ್ಳೆಯದೇ. ಆದರೆ ಹೆಸರು ಮೂರು ಸಲ ಬದಲಾದರೂ ಕಚೇರಿಯ ಮುಂದಿನ ಮೆಟ್ಟಿಲುಗಳು ಮಾತ್ರ ಇದ್ದಂತೆಯೇ ಉಳಿದರೆ ಬಂದ ಫಲವೇನು?

ಇವರ ಸಂಖ್ಯೆ ಸಣ್ಣದಲ್ಲ. 2011ರ ಜನಗಣತಿಯಲ್ಲಿ ಭಾರತದಲ್ಲಿ 2.68 ಕೋಟಿ, ನಮ್ಮ ಕರ್ನಾಟಕದಲ್ಲಿ 13.24 ಲಕ್ಷ ವಿಕಲಚೇತನರು ಲೆಕ್ಕಕ್ಕೆ ಸಿಕ್ಕಿದರು. ಅದೇ ಗಣತಿಯ ಇನ್ನೊಂದು ಅಂಕಿಯನ್ನು ವಾಚಕರು ಗಮನಿಸಬೇಕು. ದೇಶದ ಒಟ್ಟು ಜನರಲ್ಲಿ ನೂರಕ್ಕೆ ಸುಮಾರು 40 ಮಂದಿ ದುಡಿಯುವವರೆಂದು ದಾಖಲಾದರೆ, ವಿಕಲಚೇತನರಲ್ಲಿ ನೂರಕ್ಕೆ 36 ಮಂದಿ ದುಡಿಯುವವರಾಗಿದ್ದರು. ಅಂದರೆ, ಇವರಿಂದ ಕೆಲಸವಾಗದು ಎಂಬ ಮಾತನ್ನು ಗಣತಿಯೇ ಸುಳ್ಳುಮಾಡಿದೆ. ಹೊಲದಲ್ಲಿ, ಮನೆಯಲ್ಲಿ, ಅಂಗಡಿಯಲ್ಲಿ ಅವರು ದುಡಿಯುತ್ತಲೇ ಇದ್ದಾರೆ. ಅವರಿಗೆ ದುರ್ಲಭವಾಗಿರುವುದು ಸಂಬಳದ, ಭದ್ರತೆಯ, ಮರ್ಯಾದೆಯ ಕೆಲಸ.

ಈ ದುರ್ಲಭತೆಗೆ ಕಾರಣವಾದ ಎರಡು ಮನೋಭಾವಗಳನ್ನು ನಾವು ಗುರುತಿಸಬೇಕು. ಮೊದಲನೆಯದು ಕನಿಕರ. ಕನಿಕರಪಡುವವನು ಜಾತ್ರೆಯಲ್ಲಿ ಹತ್ತು ರೂಪಾಯಿ ಕೊಡುತ್ತಾನೆ. ತನ್ನ ಅಂಗಡಿಯ ಗಲ್ಲೆಯ ಮೇಲೆ ಕೂಡಿಸುವುದಿಲ್ಲ. ಎರಡನೆಯದು ಬೆರಗು. ಭಾಷಣಗಳಲ್ಲಿ ಮಿಲ್ಟನ್, ಬೀಥೋವನ್, ಹೆಲೆನ್ ಕೆಲರ್ ಎಂದು ಹೆಸರುಗಳನ್ನು ಪೋಣಿಸುವುದುಂಟು. ಆ ಮಹನೀಯರ ಸಾಧನೆಗೆ ತಲೆಬಾಗೋಣ. ಆದರೆ ಕಣ್ಣಿದ್ದ ನಾವೆಲ್ಲರೂ ಮಿಲ್ಟನ್ನರಾಗಿಯೇ ನೌಕರಿ ಪಡೆಯುತ್ತೇವೆಯೆ? ಸಾಧಾರಣ ಬುದ್ಧಿಯ, ಸಾಧಾರಣ ಶ್ರಮದ ಮನುಷ್ಯನಿಗೆ ಗುಮಾಸ್ತನ ಕೆಲಸ ಸಿಗುವುದಾದರೆ, ಅಷ್ಟೇ ಸಾಧಾರಣನಾದ ಕಣ್ಣಿಲ್ಲದವನಿಗೂ ಅದು ಸಿಗಬೇಕು. ಅದ್ಭುತವನ್ನು ಮಾಡಿ ತೋರಿಸಿದರೆ ಮಾತ್ರ ಅನ್ನ ಎಂಬ ನಿಯಮ ನ್ಯಾಯವಲ್ಲ. ಕನಿಕರವೂ ಬೆರಗೂ ನೋಡುವುದಕ್ಕೆ ಬೇರೆಬೇರೆ. ಪರಿಣಾಮದಲ್ಲಿ ಎರಡೂ ಒಂದೇ. ಎರಡೂ ಆ ಮನುಷ್ಯನನ್ನು ನಮ್ಮ ಪಕ್ಕದ ಮೇಜಿನಿಂದ ದೂರವಿಡುತ್ತವೆ.

ಹಾಗಾದರೆ ದಾರಿ ಯಾವುದು? ಅದನ್ನು ಕಾಣಲು ದೂರ ಹೋಗಬೇಕಾಗಿಲ್ಲ. ನೆರೆಯ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಿದೆ. ಹುಟ್ಟು ಅಂಧರಾದ ಪಂಚಾಕ್ಷರ ಗವಾಯಿಗಳು ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಸಂಗೀತ ಕಲಿತು ಕಟ್ಟಿದ ಸಂಸ್ಥೆ ಅದು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ, ಶೈಶವದಲ್ಲಿಯೇ ಕಣ್ಣು ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು ಅದನ್ನು ಮುನ್ನಡೆಸಿದರು. 1914ರಲ್ಲಿ ಜನಿಸಿದ ಪುಟ್ಟರಾಜರು 2010ರಲ್ಲಿ ಪದ್ಮಭೂಷಣರಾಗಿ ಅದೇ ವರ್ಷ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಅವರ ಗಾಯನ, ಗ್ರಂಥರಚನೆಗಳನ್ನು ಎಲ್ಲರೂ ಹೊಗಳುತ್ತಾರೆ. ನನಗೆ ಅವುಗಳಷ್ಟೇ ದೊಡ್ಡದಾಗಿ ಕಾಣುವುದು ಅವರ ವ್ಯವಸ್ಥಾಪಕ ಬುದ್ಧಿ. ಆಶ್ರಮದ ಖರ್ಚನ್ನು ತೂಗಿಸುವುದಕ್ಕೆ ಅವರು ನಾಟಕ ಕಂಪನಿಯನ್ನೇ ನಡೆಸಿದರು. ಬಯಲಾಟವನ್ನೂ ಕಂಪನಿ ನಾಟಕವನ್ನೂ ಬಲ್ಲ ನಮ್ಮ ಸೀಮೆಯವರಿಗೆ, ಒಂದು ಕಂಪನಿಯನ್ನು ಊರಿಂದೂರಿಗೆ ಸಾಗಿಸುವುದೆಂದರೆ ಎಂಥ ಕೆಲಸವೆಂದು ಬೇರೆ ಹೇಳಬೇಕೆ?

ಆ ಆಶ್ರಮ ಮಾಡಿದುದೇನು? ಅಂಧ ಬಾಲಕನಿಗೆ ಅನ್ನವಿಟ್ಟು ಮೂಲೆಯಲ್ಲಿ ಕೂಡಿಸಲಿಲ್ಲ. ಕಿವಿಯಿಂದ ಕಲಿಯಬಹುದಾದ ವಿದ್ಯೆಯನ್ನು ಕಿವಿಯಿಂದ ಕಲಿಸಿತು. ಬೆರಳಿನಿಂದ ಓದಬಹುದಾದುದನ್ನು ಬ್ರೈಲ್ ಲಿಪಿಯಲ್ಲಿ ಓದಿಸಿತು. ಕಣ್ಣಿದ್ದವರನ್ನೂ ಇಲ್ಲದವರನ್ನೂ ಒಂದೇ ಪಂಕ್ತಿಯಲ್ಲಿ ಕೂಡಿಸಿತು. ಅಲ್ಲಿಂದ ಹೊರಬಂದವರು ಸಂಗೀತ ಶಿಕ್ಷಕರಾಗಿ, ಕಲಾವಿದರಾಗಿ ಸ್ವಂತ ಕಾಲಮೇಲೆ ನಿಂತರು. ಕಲಿಯುವ ಸ್ಥಳವನ್ನು ಕಲಿಯುವವನಿಗೆ ಹೊಂದಿಸಿದ್ದೇ ಇದರ ಗುಟ್ಟು.

ಆದರೆ ಗದುಗಿನ ಮಾದರಿಯಿಂದ ಸಮಾಜವು ಅರ್ಧ ಪಾಠವನ್ನು ಮಾತ್ರ ಕಲಿತಂತಿದೆ. "ಕಣ್ಣಿಲ್ಲದವನಿಗೆ ಸಂಗೀತ" ಎಂದು ಗೆರೆ ಕೊರೆದುಬಿಟ್ಟಿದೆ. ಕಣ್ಣಿಲ್ಲದವರೆಲ್ಲರಿಗೂ ಕಂಠ ಒಲಿದಿರಬೇಕೆಂದಿಲ್ಲ. ಒಬ್ಬನಿಗೆ ಇತಿಹಾಸದಲ್ಲಿ ಆಸಕ್ತಿ, ಇನ್ನೊಬ್ಬನಿಗೆ ಕಾಯದೆಯಲ್ಲಿ, ಮತ್ತೊಬ್ಬನಿಗೆ ಲೆಕ್ಕದಲ್ಲಿ. ಹಾಡು ಬಾರದ ಅಂಧನು ಏನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ಕೊಡಬೇಕಾದುದು ಆಶ್ರಮವಲ್ಲ, ಕಚೇರಿಗಳು.

ಕೆಲಸವನ್ನು ಆಳಿಗೆ ತಕ್ಕಂತೆ ಹಂಚುವ ಕಲೆ ನಮ್ಮ ಸೀಮೆಗೆ ಹೊಸದೂ ಅಲ್ಲ. ಇಳಕಲ್ಲಿನಲ್ಲಿ ಸೀರೆ, ಗುಳೇದಗುಡ್ಡದಲ್ಲಿ ಖಣ ನೇಯುವ ಮನೆಗಳನ್ನು ನೋಡಿರಿ. ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ತುಳಿಯುವವನಿಗೆ ಕಾಲಿನ ಬಲ ಬೇಕು. ಕಂಡಿಕೆ ಸುತ್ತುವವರಿಗೆ ಅದು ಬೇಕಾಗಿಲ್ಲ, ಕೈ ಸಾಕು. ಸೆರಗಿನ ಹಾಸನ್ನು ಒಡಲಿನ ಹಾಸಿಗೆ ಕೂಡಿಸುವ ಕೆಲಸಕ್ಕೆ ಚುರುಕಾದ ಬೆರಳು, ತಾಳ್ಮೆ ಬೇಕು. ಕಿವಿ ಕೇಳದಿದ್ದರೆ ನಷ್ಟವೇನಿಲ್ಲ. ಒಂದು ಸೀರೆ ಹಲವು ಕೈಗಳಿಂದ ಆಗುತ್ತದೆ. ಯಾವ ಕೈಗೆ ಯಾವ ಕೆಲಸವೆಂಬುದನ್ನು ಮನೆಯ ಹಿರಿಯರು ಬಲ್ಲರು. ನೇಕಾರರ ಬಡತನವನ್ನು ನಾನು ಬಣ್ಣಿಸಿ ಮರೆಸುವುದಿಲ್ಲ. ಆದರೂ ಆ ಚಿಕ್ಕ ಮನೆಗೆ ತಿಳಿದ ಈ ವಿವೇಕವು ದೊಡ್ಡ ಕಚೇರಿಗೆ ತಿಳಿಯದಿರುವುದು ಆಶ್ಚರ್ಯವಲ್ಲವೆ? ಕಚೇರಿಯು ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿದು, ಹಿಡಿಸದವನ ಮೈಯೇ ಸರಿಯಿಲ್ಲವೆನ್ನುತ್ತದೆ.

ಕಾಯದೆ ಏನು ಹೇಳುತ್ತದೆಂಬುದನ್ನು ವಿದ್ಯಾರ್ಥಿಗಳು ತಿಳಿದಿರಬೇಕು. 1995ರ ಅಧಿನಿಯಮವು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿ ಸರಕಾರಿ ಹುದ್ದೆಗಳಲ್ಲಿ ನೂರಕ್ಕೆ 3ರಷ್ಟನ್ನು ಕಾದಿರಿಸಿತ್ತು. 2006ರಲ್ಲಿ ವಿಶ್ವಸಂಸ್ಥೆಯು ವಿಕಲಚೇತನರ ಹಕ್ಕುಗಳ ಒಡಂಬಡಿಕೆಯನ್ನು ಅಂಗೀಕರಿಸಿತು. ಭಾರತವು 2007ರಲ್ಲಿ ಅದಕ್ಕೆ ಬದ್ಧವಾಯಿತು. ಅದರ ಫಲವಾಗಿ ಬಂದುದೇ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ. ಈಗ ಗುರುತಿಸಿದ ವೈಕಲ್ಯಗಳು 21; ಮೀಸಲು ಕನಿಷ್ಠ ನೂರಕ್ಕೆ 4. ದೃಷ್ಟಿ, ಶ್ರವಣ, ಅಂಗಚಲನೆಗಳ ತೊಂದರೆಯವರಷ್ಟೇ ಅಲ್ಲದೆ, ಮನೋರೋಗದಿಂದ ಬಳಲುವವರೂ ಬುದ್ಧಿಮಾಂದ್ಯರೂ ಇದರಲ್ಲಿ ಸೇರಿದ್ದಾರೆ.

ಮೀಸಲಾತಿಯ ಅಂಕಿಯನ್ನು ಎಲ್ಲರೂ ಬಲ್ಲರು. ಅದಕ್ಕಿಂತ ಮುಖ್ಯವಾದ ಇಪ್ಪತ್ತನೆಯ ಕಲಮನ್ನು ಬಲ್ಲವರು ಕಡಿಮೆ. ಸರಕಾರಿ ಸಂಸ್ಥೆಯು ವಿಕಲಚೇತನ ನೌಕರನಿಗೆ ಯುಕ್ತವಾದ ಅನುಕೂಲಗಳನ್ನೂ ಅಡೆತಡೆಯಿಲ್ಲದ ವಾತಾವರಣವನ್ನೂ ಒದಗಿಸತಕ್ಕದ್ದು ಎಂದು ಅದು ವಿಧಿಸುತ್ತದೆ. ಇನ್ನೂ ಒಂದು ಮಾತನ್ನು ಅದು ಹೇಳುತ್ತದೆ. ನೌಕರಿಯಲ್ಲಿರುವಾಗ ಯಾರಿಗಾದರೂ ವೈಕಲ್ಯ ಬಂದರೆ ಅವರನ್ನು ತೆಗೆದುಹಾಕಕೂಡದು, ದರ್ಜೆ ಇಳಿಸಕೂಡದು. ಇದ್ದ ಕೆಲಸ ಆಗದಿದ್ದರೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕು. ಅಂಥ ಹುದ್ದೆ ಇಲ್ಲದಿದ್ದರೆ ಅದು ದೊರೆಯುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇರಿಸಿಕೊಳ್ಳಬೇಕು.

ಈ ಕಲಮು ನಮ್ಮೆಲ್ಲರಿಗೂ ಸಂಬಂಧಪಟ್ಟುದು. ವೈಕಲ್ಯವೆಂಬುದು ಹುಟ್ಟಿನಿಂದ ಮಾತ್ರ ಬರುವುದಲ್ಲ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಯ ಮೇಲಿರುವ ನಮ್ಮ ಕುಳಗೇರಿ ಕ್ರಾಸಿನಲ್ಲಿ ನಿಂತವರಿಗೆ ಅಪಘಾತವೆಂದರೇನೆಂದು ವಿವರಿಸಬೇಕಾಗಿಲ್ಲ. ಸುಗ್ಗಿಯಲ್ಲಿ ರಾಶಿ ಮಾಡುವ ಯಂತ್ರ, ಕಲ್ಲಿನ ಗಣಿ, ಸಕ್ಕರೆ ಕಾಯಿಲೆ, ಮುಪ್ಪು: ಇವುಗಳಲ್ಲಿ ಯಾವುದು ಯಾರ ಮನೆಯ ಬಾಗಿಲಿಗೆ ಯಾವಾಗ ಬಂದೀತೆಂದು ಹೇಳಬಲ್ಲವರಾರು? ಇಂದು ನಾವು ಇನ್ನೊಬ್ಬರಿಗಾಗಿ ಕಟ್ಟುವ ಇಳಿಜಾರು ದಾರಿಯಲ್ಲಿ ನಾಳೆ ನಾವೇ ನಡೆಯಬೇಕಾದೀತು.

ನ್ಯಾಯಾಲಯಗಳೂ ಈ ದಿಸೆಯಲ್ಲಿ ಸ್ಪಷ್ಟವಾಗಿ ಮಾತಾಡಿವೆ. ಕರ್ತವ್ಯದಲ್ಲಿದ್ದಾಗ ಕಾಲಿಗೆ ಪೆಟ್ಟಾಗಿ ಅದನ್ನು ಕಳೆದುಕೊಂಡ ಕಾನ್‌ಸ್ಟೇಬಲ್ ಒಬ್ಬರನ್ನು ನೌಕರಿಯಿಂದ ಬಿಡಿಸಿದುದು ಸರಿಯಲ್ಲವೆಂದು 2003ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಅದು ಕುನಾಲ್ ಸಿಂಗ್ ಮೊಕದ್ದಮೆ. ಬಣ್ಣಗಳ ಭೇದ ಕಾಣದ ಕಾರಣ ಕೆಲಸ ಕಳೆದುಕೊಂಡ ತೆಲಂಗಾಣದ ಸಾರಿಗೆ ಸಂಸ್ಥೆಯ ಬಸ್ ಚಾಲಕರೊಬ್ಬರಿಗೆ ಅದೇ ಸಂಬಳದ ಬೇರೆ ಕೆಲಸ ಕೊಡಬೇಕೆಂದು 2025ರಲ್ಲಿ ತೀರ್ಪಿತ್ತಿತು. ಅದೇ ವರ್ಷದ ಮಾರ್ಚ್ 3ರಂದು, ದೃಷ್ಟಿಹೀನರೆಂಬ ಒಂದೇ ಕಾರಣಕ್ಕೆ ಯಾರನ್ನೂ ನ್ಯಾಯಾಂಗ ಸೇವೆಯಿಂದ ಹೊರಗಿಡಲಾಗದೆಂದು ಹೇಳಿ, ಮಧ್ಯಪ್ರದೇಶದ ನಿಯಮವೊಂದನ್ನು ರದ್ದುಗೊಳಿಸಿತು. ಕಣ್ಣಿಲ್ಲದವರು ನ್ಯಾಯಾಧೀಶರ ಪೀಠದಲ್ಲಿ ಕೂಡಬಹುದಾದರೆ, ತಾಲ್ಲೂಕು ಕಚೇರಿಯ ಮೇಜಿನಲ್ಲಿ ಕೂಡಲಾರರೆನ್ನುವುದು ಹೇಗೆ?

ಇಷ್ಟಾದರೂ "ಯುಕ್ತವಾದ ಅನುಕೂಲ" ಎಂದೊಡನೆ ಅಧಿಕಾರಿಗಳು ದೊಡ್ಡ ಖರ್ಚನ್ನು ಕಲ್ಪಿಸಿಕೊಂಡು ಬೆಚ್ಚುತ್ತಾರೆ. ಲೆಕ್ಕ ಹಾಕಿ ನೋಡೋಣ. ಗಾಲಿಕುರ್ಚಿಯ ಇಳಿಜಾರು ದಾರಿಗೆ ಒಪ್ಪಿತವಾದ ಪ್ರಮಾಣ ಒಂದಕ್ಕೆ ಹನ್ನೆರಡು. ಆರಂಗುಲದ ಎರಡು ಮೆಟ್ಟಿಲುಗಳಿದ್ದರೆ ಎತ್ತರ ಒಂದು ಅಡಿ. ಬೇಕಾದ ದಾರಿ ಹನ್ನೆರಡು ಅಡಿ. ಕಲ್ಲಿಗೆ ಹೆಸರಾದ ನಮ್ಮ ಜಿಲ್ಲೆಯಲ್ಲಿ ಹನ್ನೆರಡು ಅಡಿ ದಾರಿ ಕಟ್ಟಲು ಕಲ್ಲಿಗೆ ಬರವೆ? ಆದರೆ ಎಷ್ಟೋ ಕಡೆ ಈ ದಾರಿಯನ್ನು ನಾಲ್ಕೇ ಅಡಿಯಲ್ಲಿ ಮುಗಿಸಿ ಜಾರುಬಂಡೆ ಮಾಡಿರುತ್ತಾರೆ. ಅದರಲ್ಲಿ ಗಾಲಿಕುರ್ಚಿ ಏರದು, ಇಳಿದರೆ ಅಪಾಯ. ಕಾಗದದ ಮೇಲೆ ಮಾತ್ರ ಅದು ಅನುಕೂಲ. ಬಾಗಿಲ ಅಗಲ, ಶೌಚಾಲಯದೊಳಗಿನ ಹಿಡಿಕೆಗಳು, ಕಾಲು ಸೋತವರಿಗೆ ನೆಲ ಅಂತಸ್ತಿನ ಕೊಠಡಿ, ಇವೆಲ್ಲ ಇಂಥ ಸಣ್ಣ ಸಂಗತಿಗಳೇ.

ಕಣ್ಣಿಲ್ಲದ ನೌಕರನ ವಿಷಯಕ್ಕೆ ಬರೋಣ. ಗಣಕಯಂತ್ರದ ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ತಂತ್ರಾಂಶಗಳು ಇಂದು ಇವೆ. ಆಸ್ಟ್ರೇಲಿಯದ ಇಬ್ಬರು ಅಂಧ ತರುಣರು 2006ರಲ್ಲಿ ಆರಂಭಿಸಿದ ಎನ್.ವಿ.ಡಿ.ಎ. ಎಂಬುದು ಉಚಿತವಾಗಿಯೇ ದೊರೆಯುತ್ತದೆ, ಕನ್ನಡವನ್ನೂ ಓದುತ್ತದೆ. ಆದರೆ ಒಂದು ತೊಡಕು ಇದೆ. ಅದು ಓದಬೇಕಾದರೆ ಕಾಗದವು ಯೂನಿಕೋಡ್ ಅಕ್ಷರದಲ್ಲಿರಬೇಕು. ನಮ್ಮಲ್ಲಿ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕಡತಗಳಿವೆ. ಮುದ್ರಿಸಿ, ಮೊಹರು ಒತ್ತಿ, ಚಿತ್ರವಾಗಿ ಸ್ಕ್ಯಾನ್ ಮಾಡಿ ಕಳಿಸುವ ಸುತ್ತೋಲೆಗಳಿವೆ. ಮೊದಲಿನವು ತಂತ್ರಾಂಶದ ಬಾಯಲ್ಲಿ ಅರ್ಥವಿಲ್ಲದ ಗೊಣಗಾಟವಾಗುತ್ತವೆ. ಎರಡನೆಯವು ಬರಿಯ ಮೌನ. ಅಂಧ ಗುಮಾಸ್ತನೊಬ್ಬನು ಸುತ್ತೋಲೆ ಓದಲಾರದೆ ಕುಳಿತಿದ್ದರೆ ದೋಷ ಅವನ ಕಣ್ಣಿನಲ್ಲಿದೆಯೊ, ಕಚೇರಿಯ ಬೆರಳಚ್ಚಿನಲ್ಲಿದೆಯೊ ವಾಚಕರೇ ಹೇಳಲಿ. ಇದನ್ನು ಸರಿಪಡಿಸಲು ಬೇಕಾದುದು ಹಣವಲ್ಲ, ರೂಢಿಯ ಬದಲಾವಣೆ.

ಕಿವಿ ಕೇಳದವರಿಗೆ ಮೇಲಧಿಕಾರಿಯು ಸೂಚನೆಯನ್ನು ಬರೆದು ಕೊಟ್ಟರೆ ಅರ್ಧ ತೊಂದರೆ ತೀರಿತು. ಸಭೆಯಲ್ಲಿ ಅವರಿಗೆ ಎದುರಾಗಿ ನಿಂತು, ಒಬ್ಬೊಬ್ಬರೇ ಮಾತಾಡಿದರೆ ಇನ್ನಷ್ಟು ಅನುಕೂಲ. ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರಿಗೆ ಕೆಲಸದ ವೇಳೆಯಲ್ಲಿ ಕೊಂಚ ಸಡಿಲಿಕೆ, ಮಾತಿನಲ್ಲಿ ಕೊಂಚ ಸಂಯಮ ಸಾಕಾಗಬಹುದು. ನರೇಗಾ ಕಾಮಗಾರಿಗಳಲ್ಲಿ ವಿಕಲಚೇತನರಿಗೆ ಕೆಲಸದ ಅಳತೆಯಲ್ಲಿ ಅರ್ಧ ರಿಯಾಯಿತಿ ಕೊಟ್ಟು ಪೂರ್ತಿ ಕೂಲಿ ಕೊಟ್ಟುದನ್ನು ನಮ್ಮ ಹಳ್ಳಿಗಳು ಕಂಡಿವೆ. ಕೆರೆ ಹೂಳೆತ್ತುವಲ್ಲಿ ಸಾಧ್ಯವಾದ ಹೊಂದಾಣಿಕೆ ಫ್ಯಾನಿನ ಕೆಳಗಿನ ಕೆಲಸದಲ್ಲಿ ಅಸಾಧ್ಯವೆ?

ಇದಕ್ಕೆ ವಿರೋಧವಾಗಿ ಕೆಲವು ಮಾತುಗಳಿವೆ. ಅವನ್ನು ತಳ್ಳಿಹಾಕದೆ ಪರಿಶೀಲಿಸುವುದು ಯೋಗ್ಯ. "ಎಲ್ಲ ಕೆಲಸಕ್ಕೂ ಎಲ್ಲರೂ ಆದೀತೇ?" ಎನ್ನುತ್ತಾರೆ. ಇಲ್ಲ. ಕಣ್ಣಿಲ್ಲದವರು ಬಸ್ಸು ನಡೆಸಲೆಂದು ಯಾರೂ ಕೇಳುತ್ತಿಲ್ಲ. ಯಾವ ವೈಕಲ್ಯವಿದ್ದವರಿಗೆ ಯಾವ ಹುದ್ದೆ ಒಪ್ಪೀತೆಂದು ಗುರುತಿಸುವ ಹೊಣೆಯನ್ನು ಕಾಯದೆಯೇ ಸರಕಾರಕ್ಕೆ ವಹಿಸಿದೆ. ಕಂಡಕ್ಟರನ, ಚಾಲಕನ ಕೆಲಸ ಬಿಟ್ಟರೂ ಡಿಪೊದಲ್ಲಿ ಲೆಕ್ಕಪತ್ರದ ಕೆಲಸವಿದೆ, ವಿಚಾರಣೆಯ ಕಿಟಕಿಯಿದೆ.

"ಸುಳ್ಳು ಪ್ರಮಾಣಪತ್ರ ತಂದು ಹುದ್ದೆ ಹೊಡೆಯುವವರಿದ್ದಾರಲ್ಲ?" ಎಂಬುದು ಎರಡನೆಯ ಆಕ್ಷೇಪ. ಇದ್ದಾರೆ. ಮೋಸಮಾಡಿದವರಿಗೆ ಎರಡು ವರ್ಷಗಳವರೆಗೆ ಸೆರೆ, ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡನ್ನೂ 2016ರ ಅಧಿನಿಯಮ ವಿಧಿಸಿದೆ. ಕಳ್ಳನ ಭಯಕ್ಕೆ ಕಣಜವನ್ನೇ ಕಟ್ಟದಿರುವ ರೈತನುಂಟೆ? ಕಳ್ಳನನ್ನು ಹಿಡಿಯಬೇಕು, ಉಣ್ಣಬೇಕಾದವನನ್ನು ಉಪವಾಸ ಕೆಡವಬಾರದು.

"ಅವರ ಪಾಲಿನ ಕೆಲಸವೂ ನಮ್ಮ ಮೇಲೆ ಬೀಳುತ್ತದೆ" ಎಂಬುದು ಮೂರನೆಯದು, ಸಹೋದ್ಯೋಗಿಗಳು ಪಿಸುಗುಟ್ಟುವಂಥದು. ಇದು ನಿಜವಾಗುವುದು ಒಂದೇ ಸನ್ನಿವೇಶದಲ್ಲಿ: ನೇಮಕ ಮಾಡಿಕೊಂಡು ಸಲಕರಣೆ ಕೊಡದೆ ಬಿಟ್ಟಾಗ. ಹುದ್ದೆ ತುಂಬಿದೆವೆಂದು ವರದಿ ಕಳಿಸಿ, ಆ ಮನುಷ್ಯನಿಗೆ ಕಿಟಕಿಯ ಪಕ್ಕ ಒಂದು ಕುರ್ಚಿ ಕೊಟ್ಟು, ಹಾಜರಿಯ ಸಹಿಯೊಂದೇ ಕೆಲಸವೆಂಬಂತೆ ಮಾಡುವುದು ಅತ್ಯಂತ ಕ್ರೂರವಾದ ಪದ್ಧತಿ. ಕೆಲಸವಿಲ್ಲದ ಸಂಬಳವು ಅನ್ನ ಕೊಡುತ್ತದೆ, ಅಭಿಮಾನವನ್ನು ಕಿತ್ತುಕೊಳ್ಳುತ್ತದೆ. ಕೂಡಲಸಂಗಮವಿರುವ ಜಿಲ್ಲೆಯವರಾದ ನಮಗೆ ಕಾಯಕದ ಮಹಿಮೆಯನ್ನು ಹೇಳಿಕೊಡಬೇಕಾಗಿಲ್ಲ. ಕಾಯಕ ಎಲ್ಲರ ಧರ್ಮವಾದರೆ, ಒಬ್ಬನಿಗೆ ಕಾಯಕದ ಅವಕಾಶವನ್ನೇ ತಪ್ಪಿಸುವುದು ಅಧರ್ಮವಾಗಬೇಕು. ಆದುದರಿಂದ ನೇಮಕಾತಿಯೂ ಅನುಕೂಲವೂ ಒಂದೇ ಆದೇಶದಲ್ಲಿ ಹೊರಡಬೇಕು. ಒಂದನ್ನು ಇಂದು ಕೊಟ್ಟು ಇನ್ನೊಂದನ್ನು ಅನುದಾನ ಬಂದಾಗ ಕೊಡುವೆವೆಂದರೆ ಎರಡೂ ವ್ಯರ್ಥ.

ಸರಿಯಾಗಿ ನಡೆದ ಉದಾಹರಣೆಗಳೂ ಇಲ್ಲದಿಲ್ಲ. ಪೋಲಿಯೊಪೀಡಿತೆಯಾದ ಮಾಲತಿ ಹೊಳ್ಳರು ಕ್ರೀಡೆಗಾಗಿ ಅರ್ಜುನ ಪ್ರಶಸ್ತಿ ಪಡೆದು, 2001ರಲ್ಲಿ ಪದ್ಮಶ್ರೀಯಾದುದನ್ನು ಎಲ್ಲರೂ ಬಲ್ಲರು. ಅವರು ಸಿಂಡಿಕೇಟ್ ಬ್ಯಾಂಕಿನಲ್ಲಿ ನೌಕರಿ ಮಾಡಿದವರೆಂಬುದನ್ನೂ ನೆನೆಯಬೇಕು. ಶೈಶವದಲ್ಲಿ ಪೋಲಿಯೊದಿಂದ ಕೈಕಾಲುಗಳನ್ನು ಕಳೆದುಕೊಂಡ ಮಂಡ್ಯದ ಕೆ.ಎಸ್. ರಾಜಣ್ಣನವರು 2013ರಲ್ಲಿ ರಾಜ್ಯದ ವಿಕಲಚೇತನರ ಆಯುಕ್ತರಾದರು; 2024ರಲ್ಲಿ ಅವರಿಗೂ ಪದ್ಮಶ್ರೀ ಬಂತು. ನಮ್ಮ ಕ್ರಾಸಿನಿಂದ ಬಸ್ಸು ಹತ್ತಿದರೆ ನೇರವಾಗಿ ಮುಟ್ಟುವ ಹುಬ್ಬಳ್ಳಿಯಲ್ಲಿ, ಬಿ.ವಿ.ಬಿ. ಕಾಲೇಜಿನ ಆವರಣದಲ್ಲಿ 2017ರಲ್ಲಿ ಅಲೀನಾ ಆಲಂ ಎಂಬ ತರುಣಿ "ಮಿಟ್ಟಿ ಕೆಫೆ" ಎಂಬ ಉಪಾಹಾರಗೃಹ ತೆರೆದರು. ಚಹ ಕಾಸುವವರು, ಹಂಚುವವರು, ಲೆಕ್ಕ ನೋಡುವವರು ಎಲ್ಲರೂ ವಿಕಲಚೇತನರೇ. 2023ರ ನವೆಂಬರಿನಲ್ಲಿ ಅದರ ಒಂದು ಶಾಖೆ ದಿಲ್ಲಿಯ ಸುಪ್ರೀಂ ಕೋರ್ಟಿನ ಆವರಣದಲ್ಲಿಯೇ ತೆರೆಯಿತು. ಅಲ್ಲಿ ಚಹ ಕುಡಿಯುವ ವಕೀಲನು ದಾನ ಕೊಡುತ್ತಿಲ್ಲ, ಬೆಲೆ ಕೊಡುತ್ತಿದ್ದಾನೆ. ಈ ವ್ಯತ್ಯಾಸವೇ ಇಡೀ ವಿಚಾರದ ತಿರುಳು.

ಇನ್ನೂ ಹತ್ತಿರದ ಉದಾಹರಣೆ ನಮ್ಮ ಗ್ರಾಮ ಪಂಚಾಯಿತಿಗಳಲ್ಲಿದೆ. ರಾಜ್ಯದ ಪಂಚಾಯಿತಿಗಳಲ್ಲಿ ವಿಕಲಚೇತನರನ್ನೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನಾಗಿ ನೇಮಿಸುವ ಯೋಜನೆಯುಂಟು. ಊರಲ್ಲಿರುವ ವಿಕಲಚೇತನರ ಪಟ್ಟಿ ಮಾಡುವುದು, ಗುರುತಿನ ಚೀಟಿ, ಪಿಂಚಣಿ, ಬಸ್ ಪಾಸುಗಳ ಅರ್ಜಿಗೆ ನೆರವಾಗುವುದು ಅವರ ಕೆಲಸ. ಇದು ಒಳ್ಳೆಯ ಯೋಜನೆ. ಆದರೆ ಅವರಿಗೆ ದೊರೆಯುವುದು ಗೌರವಧನವೇ ಹೊರತು ಸಂಬಳವಲ್ಲ. ಹೆಸರಿನಲ್ಲಿರುವ ಗೌರವ ಕೈಗೆ ಬರುವ ಧನದಲ್ಲಿಯೂ ಇರಬೇಡವೆ? ಇತರರ ಪುನರ್ವಸತಿಗೆ ಓಡಾಡುವವರ ವಸತಿಯೇ ಭದ್ರವಾಗಿರದಿದ್ದರೆ ಆ ಹೆಸರಿಗೆ ಅರ್ಥವೆಲ್ಲಿ?

ಕೊನೆಯದಾಗಿ ನಮ್ಮ ಕಾಲೇಜಿಗೆ ಬರೋಣ. ಸರಕಾರ ಮಾಡಲಿ, ಕಂಪನಿಗಳು ಮಾಡಲಿ ಎಂದು ಬೆರಳು ತೋರಿಸುವುದು ಸುಲಭ. ನಾವೇ ಮಾಡಬಹುದಾದ ಕೆಲಸಗಳಿವೆ. ಕಾಲೇಜಿನ ಪ್ರಕಟಣೆಗಳೂ ಉಪನ್ಯಾಸದ ಟಿಪ್ಪಣಿಗಳೂ ಯೂನಿಕೋಡಿನಲ್ಲಿರಲಿ. ಕಣ್ಣಿಲ್ಲದ ಮಿತ್ರರಿಗೆ ವಾರಕ್ಕೆ ಎರಡು ತಾಸು ಪಠ್ಯವನ್ನು ಓದಿ ಧ್ವನಿಮುದ್ರಿಸಿ ಕೊಡಲು ನಮ್ಮಲ್ಲಿ ಹತ್ತು ಜನ ಮುಂದೆ ಬರಲಿ. ಪರೀಕ್ಷೆಯಲ್ಲಿ ಅವರ ಪರವಾಗಿ ಬರೆಯಲು ಕಿರಿಯ ತರಗತಿಯವರು ಸಿದ್ಧರಾಗಲಿ. ಗ್ರಂಥಾಲಯದ ಮತ್ತು ಕಚೇರಿಯ ಮೆಟ್ಟಿಲುಗಳನ್ನು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿ ಒಮ್ಮೆ ಅಳೆದು ನೋಡಲಿ. ಉದ್ಯೋಗ ಮಾರ್ಗದರ್ಶನ ನಡೆಯುವ ದಿನ 2016ರ ಅಧಿನಿಯಮದ ಬಗ್ಗೆ ಒಂದು ತಾಸಿನ ಉಪನ್ಯಾಸವಾಗಲಿ.

ನಾಳೆ ನಮ್ಮಲ್ಲಿಯೇ ಕೆಲವರು ಪಿ.ಡಿ.ಒ. ಆಗುತ್ತಾರೆ, ಕೆಲವರು ತಹಸೀಲ್ದಾರರು, ಮುಖ್ಯಾಧ್ಯಾಪಕರು, ಬ್ಯಾಂಕ್ ವ್ಯವಸ್ಥಾಪಕರಾಗುತ್ತಾರೆ. ಊರುಗೋಲು ಹಿಡಿದ ಹೊಸ ನೌಕರನೊಬ್ಬನು ನೇಮಕಾತಿ ಆದೇಶದೊಡನೆ ಅವರ ಮುಂದೆ ನಿಲ್ಲುವ ದಿನ ಬಂದೇ ಬರುತ್ತದೆ. ಅಂದು "ಪಾಪ, ಇವರ ಕೈಲೆ ಆದೀತೇ?" ಎಂದು ನಿಟ್ಟುಸಿರು ಬಿಡದೆ, "ಬರ್ರಿ, ಕೂಡ್ರಿ. ನಿಮಗ ಕೆಲಸ ಮಾಡಲಿಕ್ಕೆ ಏನೇನು ಬೇಕು ಹೇಳ್ರಿ" ಎನ್ನುವ ಅಧಿಕಾರಿಗಳು ನಮ್ಮ ಕಾಲೇಜಿನಿಂದ ಹೊರಬರಲಿ.